ಹಿಡಿ ಜೋಳ

ಆಫೀಸಿನಲ್ಲಿ ಹೊಸಬರು ಊರು ಯಾವುದು ಅಂತ ಕೇಳಿದಾಗ ‘ಕೊಟ್ಟೂರು ಹತ್ತಿರ’ ಅಂತೀನಿ. ‘ಓ, ಕೊಟ್ಟೂರೇಶ್ವರನ ತೇರು’ ಅಂತಾರೆ. ಅದೇ ಜನ ಡಿಸೆಂಬರ್‌ನಲ್ಲಿ ನಾನು ಕ್ರಿಸ್ಮಸ್‌ಗೆ ರಜೆ ಹಾಕಿದಾಗ ತಬ್ಬಿಬ್ಬಾಗ್ತಾರೆ. ಅವರ ಲೆಕ್ಕದಲ್ಲಿ ಕರ್ನಾಟಕದ ಕ್ರೈಸ್ತರು ಅಂದ್ರೆ ಮಂಗಳೂರಿನವರು, ಹೆಚ್ಚೆಂದರೆ ಬೆಂಗಳೂರಿನ ಫ್ರೇಜರ್ ಟೌನಿನವರು. ಕುಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ಹರಡಿಕೊಂಡ ನಮ್ಮ ಬಯಲುಸೀಮೆಯಲ್ಲಿ ಜೋಳದ ರೊಟ್ಟಿ ತಿಂದು, ಕುರಿ ಮೇಯಿಸಿ, ಭಾನುವಾರ ದಮ್ಮಡಿ ಬಡಿದು ಯೇಸುವಿನ ಹಾಡು ಹೇಳುವ ಮನೆಗಳೂ ಇವೆ ಅನ್ನೋದು ಅವರಿಗೆ ಗೊತ್ತಿರಲ್ಲ. ನಮ್ಮೂರಲ್ಲಿ ಅಂಥ ಮನೆ ಹತ್ತು ಹನ್ನೆರಡು. ಎಲ್ಲರಿಗೂ ಸೇರಿ ಒಂದು ತಗಡಿನ ಮಾಡಿನ ಪ್ರಾರ್ಥನಾ ಮಂದಿರ. ಊರವರ ಬಾಯಲ್ಲಿ ಅದು ‘ಯೇಸಪ್ಪನ ಗುಡಿ’.

ಈಗಲೂ ಎರಡು ಮೂರು ತಿಂಗಳಿಗೊಮ್ಮೆ ಯಾರಾದರೂ ಗೆಳೆಯರು ಕೆಲಸ ಹೋಯ್ತು ಅಂತ ಫೋನ್ ಮಾಡ್ತಾರೆ. ‘ನೀನು ಆ ವರ್ಷ ಹೆಂಗೆ ದಾಟಿದೆ?’ ಅಂತ ಕೇಳ್ತಾರೆ. ಅವರಿಗೆ ಹೇಳೋದನ್ನೇ ಇಲ್ಲಿ ಬರೆದಿಡ್ತಿದೀನಿ.

ಆ ವರ್ಷ ಅಂದ್ರೆ 2023. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೆಲ್ಲ ಸಾವಿರಗಟ್ಟಲೆ ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ. ಜನವರಿಯಲ್ಲಿ ನನಗೂ ಹದಿನೈದು ನಿಮಿಷದ ಒಂದು ಕಾಲ್ ಬಂತು. ಕಾಲ್ ಮುಗಿಯೋ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ಕೈಗೆ ಮೂರು ತಿಂಗಳ ಸಂಬಳ, ತಲೆಯ ಮೇಲೆ ಫ್ಲ್ಯಾಟಿನ ಸಾಲ. ಇಪ್ಪತ್ತು ವರ್ಷದ ಸಾಲ ಅಂದ್ರೆ 240 ಕಂತು, ಕಟ್ಟಿದ್ದು 19. ಹೆಂಡತಿ ನರ್ಸ್, ಅವಳ ಸಂಬಳದಲ್ಲಿ ರೇಷನ್ನು, ಮಗಳ ಸ್ಕೂಲ್ ಫೀಸು ನಡೀತಿತ್ತು. ಉಳಿದದ್ದಕ್ಕೆ ನಾನು ಎಕ್ಸೆಲ್ ತೆರೆದು ಕೂತೆ. 240 ಸಾಲುಗಳ ಆ ಹಾಳೆಯನ್ನು ದಿನಾ ಬೆಳಗ್ಗೆ ನೋಡುತ್ತಿದ್ದೆ. ನೋಡಿದಷ್ಟೂ ಕೈಕಾಲು ತಣ್ಣಗಾಗುತ್ತಿದ್ದವು.

ನಮ್ಮಂಥವರಿಗೆ ‘ಏನೂ ಆಗಲಿಲ್ಲ ಅಂದ್ರೆ ಊರಿದೆ’ ಅನ್ನೋ ಧೈರ್ಯ ಒಂದಿರುತ್ತೆ. ಆ ವರ್ಷ ಊರೂ ಕೈಕೊಟ್ಟಿತು. ಜುಲೈನಲ್ಲಿ ಅಷ್ಟಿಷ್ಟು ಬಿದ್ದ ಮಳೆ ಆಗಸ್ಟ್‌ನಲ್ಲಿ ನಿಂತೇ ಹೋಯಿತು. 1901ರಿಂದ ಲೆಕ್ಕ ಇಟ್ಟಿರುವ ಹವಾಮಾನ ಇಲಾಖೆಯ ದಾಖಲೆಯಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಇನ್ನೊಂದಿರಲಿಲ್ಲ. ಕೊನೆಗೆ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ನಮ್ಮ ಸುತ್ತಿನ ತಾಲೂಕುಗಳೂ ಆ ಪಟ್ಟಿಯಲ್ಲಿದ್ದವು. ಅಪ್ಪನ ನಾಲ್ಕು ಎಕರೆ ಮೆಕ್ಕೆಜೋಳ ತೆನೆ ಕಟ್ಟುವ ಮೊದಲೇ ಸುರುಳಿ ಸುತ್ತಿಕೊಂಡು ಒಣಗಿತು. ಮೇವಿಲ್ಲದೆ ಹನ್ನೊಂದು ಕುರಿಯಲ್ಲಿ ಏಳನ್ನು ಸಂತೆಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬಂದ. ಎಲ್ಲರೂ ಮಾರುವವರೇ ಆದಾಗ ಕೊಳ್ಳುವವನು ಹೇಳಿದ್ದೇ ಬೆಲೆ.

ಇಂಥ ಹೊತ್ತಿನಲ್ಲಿ ಉಪದೇಶ ಮಾಡೋಕೆ ಜನ ಹುಟ್ಟಿಕೊಳ್ತಾರೆ. ನಮ್ಮ ಮನೆಗೆ ಪ್ರಾರ್ಥನೆಗೆ ಅಂತ ಬಂದ ಹಿರಿಯರೊಬ್ಬರು, ‘ನಂಬಿಕೆ ಗಟ್ಟಿ ಇದ್ದವರಿಗೆ ದೇವರು ಹೀಗೆಲ್ಲ ಆಗೋಕೆ ಬಿಡಲ್ಲ ಬ್ರದರ್’ ಅಂದರು. ಮಾಡಿಟ್ಟ ಚಹಾ ಕುಡಿದು ಹೋದರು. ಹೆಂಡತಿ ಆ ರಾತ್ರಿ ಊಟ ಮಾಡಲಿಲ್ಲ.

ನನಗೆ ಆಗ ನೆನಪಾಗಿದ್ದು ಬೈಬಲಿನ ಯೋಬನ ಕಥೆ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳಕೊಂಡು ಬೂದಿಯಲ್ಲಿ ಕೂತ ಯೋಬನನ್ನು ನೋಡೋಕೆ ಮೂವರು ಗೆಳೆಯರು ಬರ್ತಾರೆ. ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಪಕ್ಕ ನೆಲದ ಮೇಲೆ ಕೂರ್ತಾರೆ. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ‘ನೀನೇನೋ ತಪ್ಪು ಮಾಡಿರಬೇಕು’ ಅಂತ ಶುರುಮಾಡ್ತಾರೆ. ಕೊನೆಗೆ ದೇವರು ಬೈಯೋದು ಈ ಗೆಳೆಯರನ್ನ. ದೇವರ ಜೊತೆಗೇ ಜಗಳ ಆಡಿದ ಯೋಬ ಸರಿಯಾಗಿ ಮಾತಾಡಿದ ಅಂತ ಹೇಳಿಸಿಕೊಳ್ತಾನೆ.

ಚಿಕ್ಕಂದಿನಿಂದ ಕೇಳಿದ ಕಥೆ. ಕೆಲಸ ಇಲ್ಲದೆ ಕೂತಾಗ ಬೇರೆ ಥರ ಕೇಳಿಸಿತು. ಬೈಬಲಿನಲ್ಲಿ ಇಷ್ಟೊಂದು ದೂರು ಇದೆ ಅಂತ ಆ ವರ್ಷವೇ ಕಣ್ಣಿಗೆ ಬಿದ್ದಿದ್ದು. 150 ಕೀರ್ತನೆಗಳಲ್ಲಿ ಎಷ್ಟೋ ಕೀರ್ತನೆಗಳು ಗೋಳಾಟವೇ. 88ನೆಯದಂತೂ ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತೆ. ಅದನ್ನೂ ಯಾರೂ ಕಿತ್ತು ಹಾಕಲಿಲ್ಲ. ಪ್ರಾರ್ಥನೆ ಅಂತಲೇ ಸಾವಿರಾರು ವರ್ಷ ಕಾಪಾಡಿಕೊಂಡು ಬಂದರು. ಹಬಕ್ಕೂಕ ಅಂತ ಒಬ್ಬ ಪ್ರವಾದಿ ಇದ್ದಾನೆ, ಮೂರೇ ಅಧ್ಯಾಯದ ಪುಸ್ತಕ. ಎಷ್ಟು ದಿನ ಅಂತ ಕೂಗಬೇಕು, ನಿನಗೆ ಕೇಳಿಸಲ್ವಾ ಅಂತಲೇ ಅವನು ಶುರುಮಾಡೋದು. ಕೊನೆಗೆ ಅಂಜೂರದ ಗಿಡ ಚಿಗುರದೆ ಹೋದರೂ, ಹೊಲ ಬೆಳೆ ಕೊಡದೆ ಹೋದರೂ, ರೊಪ್ಪದಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲದೆ ಹೋದರೂ ನಾನು ದೇವರಲ್ಲಿ ಸಂತೋಷಪಡ್ತೀನಿ ಅಂತ ಹಾಡ್ತಾನೆ. ಕುರಿ ಮಾರಿ ಖಾಲಿ ರೊಪ್ಪ ನೋಡಿದವರಿಗೆ ಇದು ದೂರದ ದೇಶದ ಮಾತು ಅನ್ನಿಸಲ್ಲ. ಅವನ ಹಾಡಿನೊಳಗೂ ಮಳೆ ಬರಲ್ಲ, ಕುರಿ ವಾಪಸ್ ಬರಲ್ಲ. ಏನೂ ಸರಿಹೋಗದೆಯೇ ಅವನು ಹಾಡ್ತಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು.

ಇನ್ನು ಅವ್ವನ ವಿಷಯ. ನಮ್ಮ ಸಭೆಗಳಲ್ಲಿ ಹಿಡಿ ಕಾಣಿಕೆ ಅಂತ ಒಂದು ಪದ್ಧತಿ ಇದೆ. ಅಡುಗೆಗೆ ಇಳಿಯೋ ಮುಂಚೆ ಒಂದು ಹಿಡಿ ಕಾಳು ಬೇರೆ ತೆಗೆದಿಡೋದು. ಅಕ್ಕಿ ಉಣ್ಣೋರು ಅಕ್ಕಿ, ನಮ್ಮ ಕಡೆ ಜೋಳ. ಭಾನುವಾರ ಅದು ಗುಡಿಗೆ ಹೋಗುತ್ತೆ, ಅಲ್ಲಿಂದ ಯಾರ ಮನೆ ಒಲೆ ಹತ್ತಿಲ್ಲವೋ ಅವರಿಗೆ. ನಾನು ಹುಟ್ಟುವ ಮುಂಚಿನಿಂದಲೂ ಅವ್ವ ಒಂದು ಹಳೆ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದಾಳೆ. ಆ ಸೆಪ್ಟೆಂಬರ್‌ನಲ್ಲಿ ಊರಿಗೆ ಹೋದಾಗ ನೋಡ್ತೀನಿ, ಹಗೇವು ಖಾಲಿ, ಜೋಳ ಅಂಗಡಿಯಿಂದ ಕೊಂಡು ತಂದದ್ದು, ಡಬ್ಬಿಗೆ ಹಿಡಿ ಮಾತ್ರ ತಪ್ಪಿಲ್ಲ.

‘ಈ ವರ್ಷನೂ ತೆಗೀತೀ ಏನಬೇ?’ ಅಂದೆ.

ಮೊರ ಕೇರ್ತಾ ಕೇರ್ತಾನೇ ಹೇಳಿದಳು: ‘ಒಂದ್ ಹಿಡಿ ತೆಗದ್ರ ನಾವೇನ್ ಉಪಾಸ ಬೀಳಂಗಿಲ್ಲ ತಮ್ಮಾ. ತೆಗೀಲಿಲ್ಲ ಅಂದ್ರ, ನಮ್ಮತ್ರ ಏನೂ ಇಲ್ಲ ಅನ್ನದು ಕೈಗೆ ರೂಢಿ ಆಗಿಬಿಡತೈತಿ.’

ಅವ್ವ ಓದಿದ್ದು ನಾಲ್ಕನೇ ಕ್ಲಾಸು. ನಾನು ಕೇಳಿದ ಯಾವ ಪ್ರಸಂಗದಲ್ಲೂ ನಂಬಿಕೆ ಅಂದ್ರೇನು ಅಂತ ಇಷ್ಟು ಬಿಡಿಸಿ ಹೇಳಿದವರಿಲ್ಲ. ಅವಳ ನಂಬಿಕೆ ತಲೆಯಲ್ಲಿಲ್ಲ, ಕೈಯಲ್ಲಿದೆ. ದಿನಕ್ಕೊಂದು ಹಿಡಿಯಷ್ಟೇ ಇದೆ. ಅಷ್ಟಾದರೆ ದಿನಾ ಮಾಡಬಹುದು.

ಬೆಂಗಳೂರಿಗೆ ವಾಪಸ್ ಬಂದು ನಾನು ಎಕ್ಸೆಲ್ ಹಾಳೆಯನ್ನು ತಿಂಗಳಿಗೊಮ್ಮೆ ಮಾತ್ರ ತೆರೆಯೋದು ಅಂತ ಇಟ್ಟುಕೊಂಡೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕೇಳೋದು ಇವತ್ತಿನ ಊಟ ಮಾತ್ರ. ಇಪ್ಪತ್ತು ವರ್ಷದ್ದಿರಲಿ, ನಾಡಿದ್ದಿನದೂ ಕೇಳಲ್ಲ. ವಿಮೋಚನಕಾಂಡದಲ್ಲಿ ಮರುಭೂಮಿಯ ಜನಕ್ಕೆ ಆಕಾಶದಿಂದ ಮನ್ನ ಬೀಳುತ್ತಲ್ಲ, ಅದೂ ಹಾಗೇ. ಅವತ್ತಿನ ಪಾಲನ್ನು ಅವತ್ತು ಆರಿಸಿಕೋಬೇಕು. ಜಾಸ್ತಿ ಕೂಡಿಟ್ಟವರ ಮನ್ನ ಬೆಳಗ್ಗೆ ಹುಳ ಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು ಆರಿಸಬಹುದಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ 24 ಗಂಟೆಗೆ ಎಕ್ಸ್‌ಪೈರ್ ಆಗೋ ಟೋಕನ್. ದಿನಾ ಲಾಗಿನ್ ಆಗಲೇಬೇಕು.

ನನ್ನ ದಿನದ ಹಿಡಿ ಹೀಗಿತ್ತು: ಬೆಳಗ್ಗೆ ಐದು ನಿಮಿಷ ಒಂದು ಕೀರ್ತನೆ, ಮನಸ್ಸಿದ್ದರೆ ಹಾಡು, ಇಲ್ಲದಿದ್ದರೆ ದೂರು. ಎರಡು ಕಡೆ ಅರ್ಜಿ. ಎರಡು ಗಂಟೆ ಓದು. ಒಬ್ಬರಿಗೆ ಫೋನ್, ಅದರಲ್ಲೂ ನನ್ನ ಥರಾನೇ ಮನೇಲಿ ಕೂತವರಿಗೆ. ಸಂಜೆ ಮಗಳನ್ನು ಸ್ಕೂಲಿಂದ ಕರಕೊಂಡು ಬರೋದು. ಇಷ್ಟಾದರೆ ಅವತ್ತಿನ ಲೆಕ್ಕ ಮುಗೀತು. ಇಂಟರ್‌ವ್ಯೂನಲ್ಲಿ ಬೇಡ ಅಂದ ದಿನವೂ ಲೆಕ್ಕ ಮುಗೀತು ಅಂತಲೇ ಮಲಗಿದೆ.

ಆ ದಿನಗಳಲ್ಲಿ ಇತಿಹಾಸವನ್ನೂ ಸ್ವಲ್ಪ ಓದಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು, ಜೊತೆಗಾರರೊಂದಿಗೆ ಬೈಬಲನ್ನು ಕನ್ನಡಕ್ಕೆ ತರೋಕೆ ಕೂತರು. ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿದ್ದು 1831ರ ಹೊತ್ತಿಗೆ. ಹೆಚ್ಚೂಕಮ್ಮಿ ನನ್ನ ಹೋಮ್ ಲೋನಿನಷ್ಟು ಕಾಲ!

ಅದಕ್ಕಿಂತ ಹತ್ತಿರದವರು ಉತ್ತಂಗಿ ಚನ್ನಪ್ಪನವರು. ಉತ್ತಂಗಿ ನಮ್ಮ ಹಡಗಲಿ ತಾಲೂಕಿನ ಊರು. ಅವರ ಮನೆತನದ ಬೇರು ಅಲ್ಲಿನದು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನಲ್ಲಿ ಪಾದ್ರಿಯಾಗಿ ದುಡಿದವರು. ಸರ್ವಜ್ಞನ ವಚನಗಳು ಜನರ ಬಾಯಲ್ಲಿ, ಹಳೆಯ ಓಲೆಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದಾಗ ವರ್ಷಗಟ್ಟಲೆ ಹುಡುಕಿ ಆಯ್ದು, ಪಾಠ ನೋಡಿ, 1924ರಲ್ಲಿ ಸಂಗ್ರಹ ಪ್ರಕಟಿಸಿದರು. ಒಂದೊಂದೂ ಮೂರೇ ಸಾಲಿನ ತ್ರಿಪದಿ. ಹೀಗೆ ಮೂರು ಮೂರು ಸಾಲು ಕೂಡಿಸಿ ಸಾವಿರಕ್ಕೂ ಹೆಚ್ಚು. ಜನ ಅವರನ್ನು ‘ತಿರುಳ್ಗನ್ನಡದ ತಿರುಕ’ ಅಂದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಕೂರಿಸಿದರು. ನನಗೆ ಹಿಡಿಸಿದ್ದು ಆ ‘ತಿರುಕ’ ಅನ್ನೋ ಮಾತು. ತಿರುಕ ಮನೆಮನೆಯಿಂದ ತರೋದೂ ಹಿಡಿ ಹಿಡಿಯೇ. ಇವರ ಜೋಳಿಗೆ ಮಾತ್ರ ಇಡೀ ಕನ್ನಡಕ್ಕಾಯಿತು.

ನನಗೆ ಅಕ್ಟೋಬರ್ ಕೊನೆಗೆ ಕೆಲಸ ಸಿಕ್ಕಿತು. ಸಣ್ಣ ಕಂಪನಿ, ಮುಂಚಿನ ಸಂಬಳಕ್ಕಿಂತ ಕಡಿಮೆ. ಇದನ್ನ ಸಾಕ್ಷಿ ಅಂತ ಮೈಕ್ ಹಿಡಿದು ಹೇಳೋಕೆ ಸಭೆಯಲ್ಲಿ ಕರೆದರು. ನಾನು ಹೋಗಲಿಲ್ಲ. ಯಾಕಂದ್ರೆ ನನ್ನ ಜೊತೆಗೇ ಹೊರಬಿದ್ದ ಒಬ್ಬ ಗೆಳೆಯ ನನಗಿಂತ ಹೆಚ್ಚು ಪ್ರಾರ್ಥನೆ ಮಾಡುವವನು. ಅವನಿಗೆ ಕೊನೆಗೂ ಸಿಗಲಿಲ್ಲ. ಮನೆ ಖಾಲಿ ಮಾಡಿ ಊರಿಗೆ ಹೋಗಿ ಕಂಪ್ಯೂಟರ್ ಕ್ಲಾಸ್ ನಡೆಸ್ತಿದಾನೆ. ನನ್ನ ಕೆಲಸ ನನ್ನ ನಂಬಿಕೆಗೆ ಸಿಕ್ಕ ಬಹುಮಾನ ಅಂದರೆ ಅವನ ಮುಖಕ್ಕೆ ಏನು ಹೇಳಿದ ಹಾಗಾಯ್ತು? ಮೊನ್ನೆ ಫೋನಿನಲ್ಲಿ ಅವನೇ ಹೇಳಿದ, ‘ಮಳೆ ಬಂದಾಗ ಹಾಡೋಕೆ ಯಾರಿಗಾದ್ರೂ ಬರುತ್ತೆ ಬಿಡಪ್ಪ.’ ಅವನಿನ್ನೂ ಪ್ರತಿ ಭಾನುವಾರ ಹಾರ್ಮೋನಿಯಂ ಬಾರಿಸ್ತಾನೆ.

ನಿಮ್ಮಲ್ಲಿ ಕೆಲವರು ಈ ಹೊತ್ತಿನಲ್ಲಿ ಅಂಥದ್ದೇ ಎಕ್ಸೆಲ್ ಹಾಳೆ ತೆರೆದು ಕೂತಿರಬಹುದು. ನಿಮ್ಮ ಮನೆದೇವರು ಯಾರೋ, ದೇವರನ್ನು ನಂಬ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ನನಗೆ ಗೊತ್ತಿರೋದು ಇಷ್ಟೇ: ದೂರಬೇಕು ಅನ್ನಿಸಿದರೆ ದೂರಿ, ದೇವರಿದ್ದರೆ ಅಷ್ಟಕ್ಕೆಲ್ಲ ಮುನಿಸಿಕೊಳ್ಳಲ್ಲ. ಯಾರಾದರೂ ಸುಮ್ಮನೆ ಪಕ್ಕ ಕೂರೋಕೆ ಬಂದರೆ ಕೂರಿಸಿಕೊಳ್ಳಿ. 240ನೇ ಸಾಲು ಇವತ್ತಿಗೆ ಬೇಡ. ಇವತ್ತಿನದು ಒಂದು ಹಿಡಿ, ಅದರಲ್ಲೂ ಒಂಚೂರು ಇನ್ನೊಬ್ಬರಿಗೆ.

ನಮ್ಮ ಅಡುಗೆಮನೆಯಲ್ಲೂ ಈಗ ಒಂದು ಹಾರ್ಲಿಕ್ಸ್ ಡಬ್ಬಿ ಇದೆ. ಅಕ್ಕಿ ಹಾಕೋ ಕೆಲಸ ಮಗಳದು. ತನ್ನ ಹಿಡಿ ಚಿಕ್ಕದು ಅಂತ ಎರಡು ಸಲ ಹಾಕ್ತಾಳೆ.