ಸಂಭ್ರಮದ ಮನೆಯಲ್ಲಿ ಅಳುವ ತಾಯಿ

ಗರ್ಭಿಣಿಯಾದ ಸುದ್ದಿ ತಿಳಿದೊಡನೆ 'ಮಾಷಾ ಅಲ್ಲಾಹ್' ಎನ್ನುವವರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ. ಆ ಸುದ್ದಿ ಆಕೆಗೆ ಹೇಗನಿಸಿತು ಎಂದು ಕೇಳುವವರು ವಿರಳ. ಮಗು ಅಲ್ಲಾಹನ ಕೊಡುಗೆ ಎಂಬುದರಲ್ಲಿ ವಿಶ್ವಾಸಿನಿಗೆ ಸಂಶಯವಿಲ್ಲ. ಆದರೆ ಆ ಕೊಡುಗೆಯನ್ನು ಹೊರಬೇಕಾದ ದೇಹವು ಬಳಲಿರಬಹುದು, ಮನಸ್ಸು ಸಿದ್ಧವಿಲ್ಲದಿರಬಹುದು.

ನಾನು ಆಲೂರಿನ ಹೆಣ್ಣುಮಗಳು. ಮದುವೆಯಾಗಿ ಬಂದದ್ದು ಸಕಲೇಶಪುರದ ಆಚೆ, ಕಾಫಿ ತೋಟಗಳ ನಡುವಿನ ಮನೆಗೆ. ಎರಡನೆಯ ಮಗುವಿಗೆ ಹತ್ತು ತಿಂಗಳು ತುಂಬಿ, ಇನ್ನೂ ಎದೆಹಾಲು ಬಿಡಿಸದಿರುವಾಗಲೇ ಮೂರನೆಯ ಬಸಿರು ನಿಂತಿತು. ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿದರೆ ಮಕ್ಕಳ ಬಟ್ಟೆ ಒಲೆಯ ಕಾವಿನಲ್ಲಿಯೇ ಒಣಗಬೇಕು. ಕರೆಂಟು ಹೋದರೆ ಯಾವಾಗ ಬರುವುದೋ ತಿಳಿಯದು. ಕತ್ತಲಾದ ಮೇಲೆ ಕಾಡಾನೆಯ ಭಯಕ್ಕೆ ಯಾರೂ ರಸ್ತೆಗಿಳಿಯುವುದಿಲ್ಲ. ಮಕ್ಕಳು ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ನಮಾಝ್‌ಗೆ ನಿಂತರೆ ಎಷ್ಟನೆಯ ರಕ್‌ಅತ್ ಎಂಬುದು ಮರೆಯುತ್ತಿತ್ತು. ಈ ಮಗು ಬೇಡವೆಂಬ ಯೋಚನೆ ಬಂದಾಗಲೆಲ್ಲ, ಹಾಗೆ ಯೋಚಿಸಿದ್ದಕ್ಕಾಗಿ ತೌಬಾ ಮಾಡಿ ಅಳುತ್ತಿದ್ದೆ.

ಹೆರಿಗೆಯಾದರೆ ಎಲ್ಲವೂ ಸರಿಹೋಗುತ್ತದೆ ಎಂದರು. ಕಾಫಿ ಕೊಯ್ಲಿನ ಕಾಲದಲ್ಲಿ ಮಗಳು ಆರೋಗ್ಯವಾಗಿಯೇ ಹುಟ್ಟಿದಳು. ಎತ್ತಿಕೊಂಡಾಗ ನನ್ನ ಎದೆಯಲ್ಲಿ ಏನೂ ಮೂಡಲಿಲ್ಲ. ನಲವತ್ತರ ಸ್ನಾನವೂ ಕಳೆಯಿತು. ನಾನಿಲ್ಲದಿದ್ದರೆ ಮೂರು ಮಕ್ಕಳಿಗೂ ಒಳ್ಳೆಯದೆಂಬ ಯೋಚನೆ ದಿನಾಲೂ ಬರತೊಡಗಿತು. ನೋಡಲು ಬಂದವರಲ್ಲಿ ಕೆಲವರು 'ಸಬ್ರ್ ಮಾಡು' ಎಂದರು, ಕೆಲವರು ಮಕ್ಕಳಿಲ್ಲದವರನ್ನು ನೆನೆಯಲು ಹೇಳಿದರು. ಒಬ್ಬರಂತೂ ಈಮಾನ್ ದುರ್ಬಲವಾದರೆ ಹೀಗಾಗುತ್ತದೆ ಎಂದುಬಿಟ್ಟರು.

ಈಮಾನಿನ ಮಾತು ಬಂದುದರಿಂದ ಹ. ಮರ್ಯಮ್(ಅ)ರನ್ನು ನೆನೆಯಬೇಕು. ಪವಿತ್ರ ಕುರ್‌ಆನ್ ಅವರನ್ನು ಲೋಕದ ಸ್ತ್ರೀಯರಲ್ಲಿ ಆರಿಸಲ್ಪಟ್ಟವರೆಂದು ಸಾರುತ್ತದೆ. ಅಂತಹವರೇ ಪ್ರಸವವೇದನೆಯಲ್ಲಿ ಖರ್ಜೂರದ ಮರದ ಬುಡಕ್ಕೆ ಬಂದು, ಇದಕ್ಕಿಂತ ಮುಂಚೆಯೇ ತಾನು ಸತ್ತು ಮರೆತುಹೋಗಿದ್ದರೆ ಎಂದು ಹಲುಬಿದರು (19: 23). ಅದಕ್ಕೆ ಬಂದ ಉತ್ತರವನ್ನು ಗಮನಿಸಿರಿ. ಅಲ್ಲಿ ಗದರಿಕೆಯಿಲ್ಲ, ಈಮಾನಿನ ಪರೀಕ್ಷೆಯಿಲ್ಲ. ದುಃಖಿಸಬೇಡ ಎಂಬ ಸಾಂತ್ವನ, ಕಾಲಬಳಿ ನೀರಿನ ತೊರೆ, ತಿನ್ನಲು ಹಣ್ಣು. ಅದರ ಮೇಲೆ, ಜನರಿಗೆ ಏನನ್ನೂ ವಿವರಿಸದೆ ಅಂದು ಮೌನವಾಗಿರುವ ಅನುಮತಿ. ಬಾಣಂತಿಯ ಕೋಣೆಗೆ ಉಪದೇಶ ಹೊತ್ತು ಬರುವ ನಮ್ಮವರು ಈ ಕೊನೆಯದನ್ನು ಗಮನಿಸಿದಂತೆ ಕಾಣುವುದಿಲ್ಲ.

ಅಲ್ ಅಹ್‌ಕಾಫ್ ಅಧ್ಯಾಯದಲ್ಲಿ (46: 15) ತಾಯಿ ಹೊರುವುದನ್ನೂ ಹೆರುವುದನ್ನೂ ಹೇಳುವಾಗ ಬಂದಿರುವ ಪದ 'ಕುರ್ಹ್'. ಯುದ್ಧವು ನಿಮಗೆ ಅಪ್ರಿಯವೆಂದು ಹೇಳುವಲ್ಲಿಯೂ (2: 216) ಇದೇ ಪದವಿದೆ. ಬಸಿರಿನಲ್ಲಿ ಮನಸ್ಸು ಒಪ್ಪದ ಕಷ್ಟವೂ ಇರಬಹುದೆಂಬುದು ಸೃಷ್ಟಿಕರ್ತನಿಗೆ ತಿಳಿದಿದೆ.

ನನ್ನ ಸ್ಥಿತಿಯನ್ನು ಮೊದಲು ಗುರುತಿಸಿದವರು ಅತ್ತೆ. ಅವರಿಗೆ ಓದು ಬರಹ ಅಷ್ಟಕ್ಕಷ್ಟೇ. "ಇದು ಹಟವಲ್ಲ, ಕಾಯಿಲೆ" ಎಂದು ಮಗನಿಗೆ ಹೇಳಿ, ನಲವತ್ತು ಕಿಲೋಮೀಟರ್ ದೂರದ ಹಾಸನಕ್ಕೆ ನನ್ನನ್ನು ಕರೆದೊಯ್ದರು. ವೈದ್ಯೆ ಕನ್ನಡದಲ್ಲಿಯೇ ಹತ್ತು ಪ್ರಶ್ನೆ ಕೇಳಿದರು. 1987ರಲ್ಲಿ ಸ್ಕಾಟ್‌ಲೆಂಡಿನಲ್ಲಿ ರಚಿತವಾದ ಈ ಪ್ರಶ್ನಾವಳಿ ಇಂದು ಲೋಕದೆಲ್ಲೆಡೆ ಬಳಕೆಯಲ್ಲಿದೆ. ಅದರ ಕೊನೆಯ ಪ್ರಶ್ನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅದುವರೆಗೆ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಎದೆಹಾಲು ನಿಲ್ಲಿಸದೆ ಸೇವಿಸಬಹುದಾದ ಮಾತ್ರೆ ಕೊಟ್ಟರು. ಗುಣವಾಗಲು ತಿಂಗಳುಗಳೇ ಹಿಡಿದವು.

ಹೆರಿಗೆಯಾದ ಮೊದಲ ದಿನಗಳ ಅಳು ಅನೇಕರಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆಯಂತೆ. ಎರಡು ವಾರ ಮೀರಿದರೆ ವೈದ್ಯರಲ್ಲಿಗೆ ಹೋಗಬೇಕು. ಬಾಣಂತಿಗೆ ಇಲ್ಲದ ಧ್ವನಿಗಳು ಕೇಳಿಸಿದರೆ, ಮಾತು ತಪ್ಪಿದರೆ, ಗಾಳಿ ಸೋಕಿತೆಂದು ತಾವೀಜು ಹುಡುಕುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಜೊತೆಯಾಗಿಯೇ ದಾಖಲಿಸಿಕೊಳ್ಳುವ ವಿಭಾಗವಿದೆ. ಮಳೆಯಲ್ಲಿ ಘಟ್ಟದ ಮನೆಯಿಂದ ಹೊರಡಲಾಗದವರು 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆ ಉಚಿತ, ಕನ್ನಡದಲ್ಲಿಯೂ ದೊರೆಯುತ್ತದೆ.

ಗಂಡಂದಿರಿಗೂ ಒಂದು ಮಾತು. ಮಗುವಿನ ಹಾಲು ಬಿಡಿಸುವುದನ್ನೂ ದಂಪತಿಗಳು ಪರಸ್ಪರ ಸಮಾಲೋಚಿಸಿ ತೀರ್ಮಾನಿಸಲು ಕುರ್‌ಆನ್ ಕಲಿಸುತ್ತದೆ (2: 233). ಹಾಗಿರುವಾಗ ಮಕ್ಕಳ ನಡುವಿನ ಅಂತರದ ಬಗ್ಗೆ ಹೆಂಡತಿಯ ಅಭಿಪ್ರಾಯ ಕೇಳಲು ಸಂಕೋಚವೇಕೆ? ಪ್ರವಾದಿ(ಸ)ರ ಕಾಲದಲ್ಲಿ ಸಹಾಬಿಗಳು ಅಝ್ಲ್ ಮಾಡುತ್ತಿದ್ದರೆಂಬುದು ಹ. ಜಾಬಿರ್(ರ)ರ ವರದಿಯಲ್ಲಿದೆ.

ಮಗಳಿಗೆ ಈಗ ಐದು ವರ್ಷ, ಅಲ್‌ಹಮ್ದುಲಿಲ್ಲಾಹ್. ಮೂವರಲ್ಲಿ ನನ್ನನ್ನು ಹೆಚ್ಚು ಅಂಟಿಕೊಂಡವಳೂ ಅವಳೇ. ಅತ್ತೆ ಇಂದಿಗೂ ನೆರೆಯಲ್ಲಿ ಯಾರಾದರೂ ಹೆತ್ತರೆ ನೋಡಲು ಹೋಗುತ್ತಾರೆ. ಮಗುವಿನ ಕೈಗೆ ಹಣ ಇಟ್ಟು, ಉಳಿದವರನ್ನು ಹೊರಗೆ ಕಳಿಸಿ, ಬಾಣಂತಿಯ ಪಕ್ಕದಲ್ಲಿ ಕುಳಿತು ಮೆಲ್ಲನೆ ಕೇಳುತ್ತಾರೆ: "ನಿದ್ದೆ ಬರ್ತದಾ ಮಗಳೇ?"