ಸಂಘದ ಬಾಗಿಲಿಗೆ ಕಾವಲು

ಕೀಲಿಯೆಂಬದು ಅವಿಶ್ವಾಸದ ಗುರುತೆಂದು ಕೆಲವರು ಹೇಳುವದುಂಟು. ನನಗೆ ಹಾಗೆ ತೋರುವದಿಲ್ಲ. ಮನೆಯ ಕೀಲಿಕೈಯನ್ನು ಯಾರ ಕೈಯಲ್ಲಿಟ್ಟು ನಾವು ಪರಸ್ಥಳಕ್ಕೆ ಹೋಗುವೆವೋ ಅವರ ಮೇಲೆ ನಮಗಿರುವ ವಿಶ್ವಾಸವು ಆ ಕಬ್ಬಿಣದ ತುಂಡಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರಾವುದರಲ್ಲಿಯೂ ಕಾಣದು. ಈಚೆಗೆ ನಮ್ಮ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲಿ ಹಲವು ಸಭೆಗಳವರೆಗೆ ನಡೆದ ಚರ್ಚೆಯೂ ಇಂಥದೊಂದು ಕೀಲಿಕೈಯನ್ನು ಕುರಿತದ್ದೇ ಆಗಿತ್ತು. ಅದು ಕಣ್ಣಿಗೆ ಕಾಣದ ಕೀಲಿಕೈ. ಆದರೆ ಇಂದು ಅದಿಲ್ಲದ ಮನೆಯೇ ಇಲ್ಲವಾದದ್ದರಿಂದ ಆ ವಿಷಯವನ್ನು ವಾಚಕರ ಮುಂದಿಡುವದು ಅನುಚಿತವಾಗಲಾರದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಯ ರೈತರು, ಸಣ್ಣ ವ್ಯಾಪಾರಿಗಳು ನಮ್ಮ ಸದಸ್ಯರು. ಅವರ ಪಾಲುಹಣ, ಠೇವಣಿ, ಸಾಲಗಳ ಲೆಕ್ಕವನ್ನು ಅವರವರ ಮೊಬೈಲಿನಲ್ಲಿಯೇ ನೋಡುವಂತಾಗಬೇಕೆಂದು ಮಂಡಳಿಯಲ್ಲಿ ಗೊತ್ತಾಯಿತು. ಲೆಕ್ಕವನ್ನು ತೋರಿಸುವದೇನೂ ಕಷ್ಟವಲ್ಲ; ನೋಡಲು ಬಂದವನು ಆ ಸದಸ್ಯನೇ ಹೌದೋ ಅಲ್ಲವೋ ಎಂದು ಗುರುತಿಸುವದೇ ಕಷ್ಟ.

ಹಿಂದೆ ಈ ಕೆಲಸವು ಸುಲಭವಾಗಿತ್ತು. ಹಳ್ಳಿಯ ಕುಲಕರ್ಣಿಯು ದಫ್ತರವನ್ನು ಬಿಚ್ಚುವ ಮೊದಲು ಎದುರಿಗೆ ಕುಳಿತವನ ಮುಖವನ್ನು ನೋಡಿದರೆ ಸಾಕು. ಅವನ ಅಜ್ಜನ ಹೆಸರೂ ಹೊಲದ ಸರ್ವೆ ನಂಬರೂ ಬಾಯಿಪಾಠವೇ. ಆದರೆ ಕುಲಕರ್ಣಿಯ ಮನಸ್ಸು ಕೆಟ್ಟರೆ ದಫ್ತರವೂ ಕೆಡುತ್ತಿತ್ತು. 2000ದ ಸುಮಾರಿಗೆ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯಲ್ಲಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ, ದಾಖಲೆ ತಿದ್ದುವ ನೌಕರನು ಬೆರಳನ್ನು ಒತ್ತಿಯೇ ಒಳಗೆ ಹೋಗಬೇಕೆಂದು ಗೊತ್ತುಪಡಿಸಿತು. ಪಾಸ್‌ವರ್ಡನ್ನು ಬೇರೊಬ್ಬನು ಬಳಸಿದನೆಂದು ಹೇಳಿ ಜಾರಿಕೊಳ್ಳಬಹುದು. ಬೆರಳನ್ನು ಎರವಲು ಕೊಟ್ಟಿದ್ದೆನೆಂದು ಹೇಳಲಾದೀತೆ?

ನಮ್ಮೆದುರಿಗೆ ಇದ್ದವು ಎರಡು ದಾರಿಗಳು. ಗುರುತಿಸುವ ತಂತ್ರಾಂಶವನ್ನು ನಮ್ಮದೇ ಯಂತ್ರದಲ್ಲಿ ಹೂಡಿ ನಾವೇ ನಡೆಸುವದು ಒಂದು. 2014ರಲ್ಲಿ ರೆಡ್ ಹ್ಯಾಟ್ ಕಂಪನಿಯ ಆಶ್ರಯದಲ್ಲಿ ಹೊರಬಂದ ‘ಕೀಕ್ಲೋಕ್’ ಅಂಥದು. ಅದಕ್ಕೆ ಬೆಲೆಯಿಲ್ಲ, ಅದರ ಒಳಗನ್ನು ಯಾರಾದರೂ ಬಿಚ್ಚಿ ನೋಡಬಹುದು. ಇದನ್ನೇ ಕಸುಬು ಮಾಡಿಕೊಂಡ ದೊಡ್ಡ ಕಂಪನಿಗೆ ಬಾಗಿಲನ್ನು ಒಪ್ಪಿಸಿ, ಒಳಗೆ ಬಂದ ಜನರ ಎಣಿಕೆಯ ಮೇಲೆ ಬಾಡಿಗೆ ಕೊಡುವದು ಇನ್ನೊಂದು. ಆಥ್‌ಝೀರೋ, ಅಮೆಜಾನಿನ ಕಾಗ್ನಿಟೋ ಮುಂತಾದವು ಈ ಬಗೆಯವು. ಇದಕ್ಕೆ ಕ್ಲೌಡು, ಅಂದರೆ ಮೋಡ, ಎಂದು ಹೆಸರು. ಮೋಡವನ್ನು ನಂಬುವದೆಂದರೇನೆಂಬದನ್ನು ಕುಷ್ಟಗಿ ಯಲಬುರ್ಗಾಗಳ ಒಣಬೇಸಾಯದವರಿಗೆ ಹೊಸದಾಗಿ ಹೇಳಬೇಕಾಗಿಲ್ಲವಷ್ಟೆ!

ನಮ್ಮ ಸಂಘದ ಗಣಕಯಂತ್ರ ನೋಡಿಕೊಳ್ಳುವ ತರುಣನು ಮೊದಲನೆಯ ಪಕ್ಷದವನು. “ಕಾಕಾರ, ಬಾಡಿಗಿ ಕಾವಲುಗಾರಗ ಮನೀ ಕೀಲಿಕೈ ಕೊಟ್ಟ ಮ್ಯಾಲ ಮನಿ ನಮ್ದು ಹೆಂಗಾದೀತ್ರಿ?” ಎಂದು ಅವನು ಖಜಾಂಚಿಯವರನ್ನು ಕೇಳಿದನು. ಅವನ ಮಾತಿನಲ್ಲಿ ಹುರುಳಿತ್ತು. ಒಳ್ಳೆಯ ವ್ಯವಸ್ಥೆಯು ನಮ್ಮ ಪಾಸ್‌ವರ್ಡನ್ನೇ ಬರೆದಿಟ್ಟುಕೊಳ್ಳುವದಿಲ್ಲ. ಹಿಟ್ಟಿನಿಂದ ಮರಳಿ ಜೋಳವನ್ನು ಮಾಡಲಾಗದಂತೆ, ಅದನ್ನು ಬೀಸಿ ಬಂದ ಒಂದು ಮುದ್ರೆಯನ್ನಷ್ಟೇ ಇಡುವದು. ಕಾಗ್ನಿಟೋ ಈ ಮುದ್ರೆಗಳನ್ನು ಹೊರಗೆ ಕೊಡುವದಿಲ್ಲವಾದದ್ದರಿಂದ, ಮುಂದೆ ಅದನ್ನು ಬಿಡುವೆವೆಂದರೆ ಸದಸ್ಯರೆಲ್ಲರೂ ಹೊಸ ಪಾಸ್‌ವರ್ಡು ಇಟ್ಟುಕೊಳ್ಳಬೇಕಾಗಿ ಬರಬಹುದು. ಕಾವಲುಗಾರನ ಒಡೆಯನೂ ಬದಲಾಗಬಹುದು: ಆಥ್‌ಝೀರೋ ಕಂಪನಿಯನ್ನು 2021ರಲ್ಲಿ ಓಕ್ಟಾ ಕಂಪನಿಯು ಕೊಂಡುಕೊಂಡಿತು. ಆ ಓಕ್ಟಾದ ಗ್ರಾಹಕ ಸಹಾಯ ವಿಭಾಗಕ್ಕೇ 2023ರಲ್ಲಿ ಕಳ್ಳರು ನುಗ್ಗಿ, 134 ಗ್ರಾಹಕ ಸಂಸ್ಥೆಗಳ ಕಡತಗಳಿಗೆ ಕೈಯಿಕ್ಕಿದರು. ಕಾವಲಿನವನ ಮನೆಯಲ್ಲಿಯೇ ಕಳವಾದರೆ ಬೇರೆಯವರ ಗತಿಯೇನು?

ಖಜಾಂಚಿಯವರು ಎಲ್ಲವನ್ನೂ ಕೇಳಿ ಮೆಲ್ಲಗೆ ಹೇಳಿದರು: “ತಮ್ಮಾ, ಮನ್ಯಾಗ ನಾಯಿ ಕಟ್ಟಿದರ ಸಾಲದು; ಹೊತ್ತುಹೊತ್ತಿಗೆ ಕೂಳ ಹಾಕಬೇಕು. ನೀ ನಾಳೆ ಬೆಂಗಳೂರಿಗೆ ಹೋದರ ಅದಕ್ಕ ಕೂಳ ಹಾಕವರು ಯಾರು?” ತರುಣನು ನಕ್ಕನೇ ಹೊರತು ಉತ್ತರ ಕೊಡಲಿಲ್ಲ. ತಂತ್ರಾಂಶವು ಪುಕ್ಕಟೆ, ನಿಜ, ಎಚ್ಚರವು ಪುಕ್ಕಟೆಯಲ್ಲ. ಕೀಕ್ಲೋಕಿನ ಹೊಸ ಆವೃತ್ತಿಗಳು ವರ್ಷದಲ್ಲಿ ಹಲವು ಸಲ ಬರುವವು. ಬಂದೊಡನೆ ಹಾಕಿಕೊಳ್ಳದಿದ್ದರೆ, ಹಳೆಯದರಲ್ಲಿ ಕಂಡುಬಂದ ಬಿರುಕು ಕಳ್ಳನಿಗೂ ಗೊತ್ತಾಗಿರುವದು. ಕರೆಂಟು ಹೋದರೂ ಯಂತ್ರ ನಿಲ್ಲಬಾರದು, ಕೆಟ್ಟರೆ ಇನ್ನೊಂದು ಪ್ರತಿ ಸಿದ್ಧವಿರಬೇಕು, ನಡುರಾತ್ರಿಯಲ್ಲಿ ಏಳುವವನೊಬ್ಬನಿರಬೇಕು.

ಈ ವಾದವನ್ನು ಕೇಳುವಾಗ ನನ್ನ ಮನಸ್ಸು ತುಂಗಭದ್ರೆಯ ಕಡೆಗೆ ಹರಿಯಿತು. ಗಂಗಾವತಿಯ ಭತ್ತದ ಗದ್ದೆಗಳು ಎಡದಂಡೆಯ ಕಾಲುವೆಯನ್ನು ನಂಬಿದವು. ಕುಷ್ಟಗಿಯ ರೈತನು ತನ್ನ ಬಾವಿಯನ್ನೂ ಮಳೆಯನ್ನೂ ನಂಬಿದವನು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಕೊಂಡು ಹೋದಾಗ, ಕಾಲುವೆಯನ್ನು ನಂಬಿದವರೆಲ್ಲ ಒಂದೇ ಸಲಕ್ಕೆ ನಡುಗಿದರು. ಒಂದೇ ಬಾಗಿಲನ್ನು ಲಕ್ಷಜನ ನಂಬಿದಾಗ ಆಗುವದು ಹೀಗೆ. ಆದರೆ ಹರಿಯುವ ನೀರಿನಲ್ಲಿಯೇ ತುರ್ತುಗೇಟಿನ ತುಂಡುಗಳನ್ನಿಳಿಸಿ ಒಂದು ವಾರದೊಳಗಾಗಿ ನೀರು ನಿಲ್ಲಿಸಿದ ಜಾಣ್ಮೆಯೂ ಆ ದೊಡ್ಡ ವ್ಯವಸ್ಥೆಗೇ ಸಾಧ್ಯವಾಯಿತು. ನಮ್ಮ ಬಾವಿಯ ಗೋಡೆ ಕುಸಿದರೆ ಎತ್ತುವವರು ನಾವೇ. ಆದದ್ದರಿಂದ ಬಾವಿಯು ಸ್ವಾತಂತ್ರ್ಯವೆಂದೂ ಕಾಲುವೆಯು ದಾಸ್ಯವೆಂದೂ ಹೇಳಿಬಿಡುವದು ಸರಿಯಲ್ಲ. ಹೂಳೆತ್ತುವ ಶಕ್ತಿಯುಳ್ಳವನಿಗೆ ಮಾತ್ರ ಬಾವಿಯು ಸ್ವಾತಂತ್ರ್ಯ.

ಇಷ್ಟರಲ್ಲಿ ನಡೆದ ಸರ್ವಸಾಧಾರಣ ಸಭೆಯಲ್ಲಿ ಕುಷ್ಟಗಿ ಕಡೆಯ ವೃದ್ಧ ಸದಸ್ಯೆಯೊಬ್ಬರು ಎದ್ದು ನಿಂತರು. ಅವರ ಹೆಸರಿನಲ್ಲಿರುವ ಮೊಬೈಲು ಕೂಲಿಗೆ ಹೋಗುವ ಮಗನಲ್ಲಿತ್ತು. “ಯಪ್ಪಾ, ನನ್ನ ರೊಕ್ಕದ ಕೀಲಿ ಮಗನ ಕಿಸೇದಾಗ ಐತಿ, ಅವಾ ಮಂಗಳೂರಾಗ ಅದಾನ. ನಾ ಯಾರನ್ನ ಕೇಳ್ಲಿ?” ಎಂದರು. ಸಭೆಯು ಸುಮ್ಮನಾಯಿತು. ಓಟಿಪಿಯು ಹೋಗುವದು ಮೊಬೈಲಿಗೆ, ಮನುಷ್ಯನಿಗಲ್ಲ. ಕೀಲಿ ಹಾಕುವ ಬಗೆಯನ್ನು ನಾವು ಅಷ್ಟು ದಿನ ಚರ್ಚಿಸಿದ್ದೆವು; ಕೀಲಿಕೈ ಕಳೆದುಕೊಂಡವರ ಮಾತನ್ನು ಆ ತಾಯಿಯೇ ಎತ್ತಬೇಕಾಯಿತು. ಆ ಪ್ರಶ್ನೆಗೆ ಎರಡೂ ತಂತ್ರಾಂಶಗಳಲ್ಲಿ ತಾನಾಗಿ ಉತ್ತರವಿರಲಿಲ್ಲ.

ಕೊನೆಗೆ ಮಂಡಳಿಯು ಬಾಡಿಗೆಯ ಕಾವಲುಗಾರನನ್ನೇ ಆರಿಸಿತು. ಆದರೆ ಕರಾರುಗಳನ್ನು ಹಾಕಿ. ಸದಸ್ಯರ ಪಟ್ಟಿಯ ಮೂಲವು ಸಂಘದಲ್ಲಿಯೇ ಇರತಕ್ಕದ್ದು. 2014ರಲ್ಲಿ ರೂಪುಗೊಂಡು ಈಗ ಎಲ್ಲರೂ ಒಪ್ಪಿರುವ ‘ಓಪನ್ ಐಡಿ ಕನೆಕ್ಟ್’ ಎಂಬ ಸಂಪ್ರದಾಯದಂತೆಯೇ ಬಾಗಿಲನ್ನು ಕಟ್ಟತಕ್ಕದ್ದು. ಹೀಗಾದರೆ ನಾಳೆ ಕಾವಲುಗಾರನನ್ನು ಬದಲಿಸಿದರೂ ಮನೆಯನ್ನು ಕೆಡವಬೇಕಾಗುವದಿಲ್ಲ. ಬಿಡುವ ಕಾಲಕ್ಕೆ ಮುದ್ರೆಗಳನ್ನು ಮರಳಿ ಕೊಡುವೆನೆಂದು ಬರೆದುಕೊಡುವವನನ್ನೇ ಗೊತ್ತುಮಾಡತಕ್ಕದ್ದು. ಮಾಹಿತಿಯು ಭಾರತದಲ್ಲಿಯೇ ಇರತಕ್ಕದ್ದು. ಈ ಕೊನೆಯ ಕರಾರನ್ನು ಓದುವಾಗ ಹಿರಿಯರೊಬ್ಬರು ನಕ್ಕರು. ಸಾಲಾರಜಂಗರ ಜಾಗೀರಾಗಿದ್ದ ಕೊಪ್ಪಳವು ಹೈದರಾಬಾದನ್ನು ಬಿಟ್ಟು 1956ರಲ್ಲಿ ಕನ್ನಡ ನಾಡನ್ನು ಸೇರಿತು. ಅಮೆಜಾನು 2022ರಲ್ಲಿ ಹೈದರಾಬಾದಿನಲ್ಲಿ ತನ್ನ ಯಂತ್ರಾಗಾರವನ್ನು ತೆರೆದಿದೆ. “ಮತ್ತ ನಮ್ಮ ದಫ್ತರ ಅಲ್ಲಿಗೇ ಹೊಂಟಿತೇನು?” ಎಂದು ಅವರ ವಿನೋದ.

ಇನ್ನೊಂದು ಗೊತ್ತುವಳಿಯು ಆ ವೃದ್ಧೆಯ ಪ್ರಶ್ನೆಯಿಂದ ಹುಟ್ಟಿತು. ಕೀಲಿಕೈ ಕಳೆದುಕೊಂಡ ಸದಸ್ಯರು ಸಂಘದ ಕಚೇರಿಗೆ ಬಂದರೆ, ಇಬ್ಬರು ನೌಕರರು ಕೂಡಿ, ಕಾಗದಪತ್ರ ನೋಡಿ, ಇಬ್ಬರೂ ರುಜು ಹಾಕಿ ಹೊಸದನ್ನು ಕೊಡಬೇಕು. ಒಬ್ಬನೇ ಕೊಡಕೂಡದು. ತಿಜೋರಿಗೆ ಇಬ್ಬರ ಕೈಯಲ್ಲಿ ಎರಡು ಕೀಲಿಕೈ ಇಡುವ ಹಳೆಯ ಪದ್ಧತಿಯೇ ಇದು. ತರುಣನಿಗೂ ಒಂದು ಹಳೆಯ ಯಂತ್ರವನ್ನು ಕೊಟ್ಟು, ಕೀಕ್ಲೋಕನ್ನು ಅಭ್ಯಾಸಕ್ಕಾಗಿ ನಡೆಸಲು ಹೇಳಿದ್ದೇವೆ. ವಿದ್ಯೆಯು ಮನೆಯಲ್ಲಿದ್ದರೆ ಬಾಡಿಗೆಯವನೊಡನೆ ಮಾತನಾಡುವಾಗ ದನಿ ಗಟ್ಟಿಯಾಗಿರುವದು.

ಕಾವಲನ್ನು ಬೇರೆಯವರಿಗೆ ಕೊಟ್ಟೆವೆಂದು ಹೊಣೆಯೂ ಹೋಯಿತೆಂದು ತಿಳಿಯಲಾಗದು. 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯು, ಮಾಹಿತಿಯನ್ನು ಬೇರೊಬ್ಬರ ಕೈಯಿಂದ ನಡೆಸಿದರೂ ಉತ್ತರ ಹೇಳಬೇಕಾದವರು ಅದನ್ನು ಕೂಡಿಸಿದವರೇ ಎನ್ನುವದು. ನಮ್ಮ ಸಂಘದಂಥ ಸಣ್ಣ ಸಂಸ್ಥೆಗೆ ನಾವು ಹಿಡಿದ ದಾರಿ ಸರಿಯೆಂದು ತೋರುವದು. ಹಗಲಿರುಳು ನೋಡಿಕೊಳ್ಳುವ ನಾಲ್ಕಾರು ಜನ ತಜ್ಞರುಳ್ಳ ಸಂಸ್ಥೆಯು ಸ್ವಂತ ಬಾವಿಯನ್ನೇ ತೋಡುವದು ಯುಕ್ತ. ವಾಚಕರು ಕೂಡ ತಮ್ಮ ಸಂಘವಾಗಲಿ, ಮಕ್ಕಳ ಶಾಲೆಯಾಗಲಿ ಹೊಸದೊಂದು ಪಾಸ್‌ವರ್ಡನ್ನು ಕೇಳಿದಾಗ ಮೂರು ಮಾತುಗಳನ್ನು ಕೇಳಲು ಸಂಕೋಚಪಡಬಾರದು: ಇದನ್ನು ಕಾಯುವವರು ಯಾರು? ಕಳೆದರೆ ನಾನು ಯಾರ ಮುಂದೆ ನಿಲ್ಲಬೇಕು? ಬಿಟ್ಟು ಹೋಗುವಾಗ ನನ್ನದು ನನಗೆ ಮರಳಿ ಬರುವದೆ?