ಹಸಿ ಚೀಲದ ಉಸ್ತುವಾರಿ

ಮೊಮ್ಮಗಳು ಹೊರಗೆ ಹೊರಟಳೆಂದರೆ ನಮ್ಮ ಮನೆಯಲ್ಲಿ ಖಾತೆ ಹಂಚಿಕೆಯಾಗುತ್ತದೆ. ಮಗು ಮಗಳ ಹೆಗಲಿಗೆ, ಹಾಲು, ಬಿಸಿನೀರು ಅಳಿಯನ ಬೆನ್ನಿಗೆ, ಬೀಗದ ಕೈ ಮತ್ತು ಬುದ್ಧಿಮಾತು ನನ್ನ ಹೆಂಡತಿಗೆ. ಮಿಕ್ಕ ವೆಟ್ ಬ್ಯಾಗ್ ನನಗೆ. ಒದ್ದೆಯಾದ ಬಟ್ಟೆ ಡಯಾಪರ್‌ಗಳನ್ನು ಮನೆ ಸೇರುವ ತನಕ ಬಚ್ಚಿಟ್ಟುಕೊಳ್ಳುವ ಜಿಪ್ಪಿನ ಚೀಲ ಅದು. ಮೈತುಂಬ ಆನೆಮರಿಗಳು ಬೇರೆ. ಗಾರ್ಮೆಂಟ್ಸಿನ ಕ್ವಾಲಿಟಿ ವಿಭಾಗದಲ್ಲಿ ಹೊಲಿಗೆ ನೋಡಿ ನೋಡಿಯೇ ಕನ್ನಡಕ ಏರಿಸಿಕೊಂಡವನಿಗೆ ನಿವೃತ್ತಿಯ ಮೇಲೆ ಸಿಕ್ಕ ಈ ಹುದ್ದೆ ಅಷ್ಟೇನೂ ಹೊರಗಿನದಲ್ಲ ಅನ್ನಿ.

ಮಗಳು ತರಿಸಿದ್ದು ಒಂದು ಚೀಲ. ಇನ್ನೊಂದನ್ನು ನಾನು ಬಸವೇಶ್ವರನಗರದ ನಮ್ಮ ಟೈಲರ್ ಹತ್ತಿರ ಹೊಲಿಸಿದೆ. ಎರಡಕ್ಕೂ ನೀರು ತುಂಬಿ ಬಚ್ಚಲುಮನೆಯ ನಲ್ಲಿಗೆ ನೇತುಹಾಕಿ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತೆ. ತರಿಸಿದ್ದು ಅಲ್ಲಾಡಲಿಲ್ಲ. ಹೊಲಿಸಿದ್ದರ ತಳದ ಹೊಲಿಗೆಯುದ್ದಕ್ಕೂ, ಒಂದೊಂದು ಸೂಜಿತೂತಿನಲ್ಲೂ ಸಾಸಿವೆಯಷ್ಟು ಹನಿ ಮೂಡಿ, ದಪ್ಪವಾಗಿ, ತೊಟ್ಟಿಕ್ಕತೊಡಗಿತು. “ಸೂಜಿ ಹೋದ ಕಡೆಯೆಲ್ಲ ನೀರೂ ಹೋಗುತ್ತೆ ಸಾರ್, ನಾನೇನು ಮಾಡ್ಲಿ?” ಎಂದರು ಟೈಲರ್. ಮಾಡುವುದಿತ್ತು. ಬಟ್ಟೆಯನ್ನು ಒಂದೇ ಉದ್ದನೆಯ ತುಂಡಾಗಿ ಕತ್ತರಿಸಿ ಮಡಚಿದರೆ ತಳದಲ್ಲಿ ಹೊಲಿಗೆಯೇ ಬೇಡ. ಪಕ್ಕಗಳಿಗೆ ಸಣ್ಣ ಸೂಜಿ, ದೂರ ದೂರದ ಹೊಲಿಗೆ ಹಾಕಬೇಕು. ಗುಂಡುಪಿನ್ನು ಚುಚ್ಚದೆ ಕ್ಲಿಪ್ಪು ಹಾಕಿ ಹಿಡಿಯಬೇಕು. ಎರಡನೇ ಸಲ ಗೆದ್ದರು.

ಬಟ್ಟೆಯ ಹೆಸರು ಪಿಯುಎಲ್. ಪಾಲಿಯೆಸ್ಟರ್ ಬಟ್ಟೆಯ ಒಂದು ಮೈಗೆ ಪಾಲಿಯುರೆಥೇನಿನ ತೆಳುಪೊರೆ ಅಂಟಿಸಿದ್ದು. 1937ರಲ್ಲಿ ಜರ್ಮನಿಯ ಓಟೋ ಬಾಯರ್ ತಂಡ ಪಾಲಿಯುರೆಥೇನ್ ಕಂಡುಹಿಡಿದಾಗ ಅದು ಮಕ್ಕಳ ಉಚ್ಚೆ ಕಾಯುತ್ತದೆಂದು ಯಾರೂ ಎಣಿಸಿರಲಿಕ್ಕಿಲ್ಲ. ಬಟ್ಟೆಗೆ ನೀರು ತಡೆಯುವ ಪೊರೆ ಕೊಡುವ ಉಪಾಯ ಇನ್ನೂ ಹಳೆಯದು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಬಳಿದು 1823ರಲ್ಲಿ ಪೇಟೆಂಟ್ ಪಡೆದ. ನಮ್ಮ ಆಸ್ಪತ್ರೆಗಳ ನರ್ಸಮ್ಮಂದಿರು ಹಾಸಿಗೆಯ ಮೇಲಿನ ರಬ್ಬರ್ ಶೀಟನ್ನು ಈಗಲೂ ಮ್ಯಾಕಿಂಟಾಷ್ ಎಂದೇ ಕರೆಯುತ್ತಾರೆ. ಮಗಳು ಹುಟ್ಟಿದಾಗ ಅಂಥದೊಂದು ಕೆಂಪು ಶೀಟು ನಮ್ಮ ಮನೆಗೂ ಬಂದಿತ್ತು, ಬೇಸಿಗೆಯಲ್ಲಿ ಅದರ ವಾಸನೆ ನಡುಮನೆಗೂ ಹಬ್ಬುತ್ತಿತ್ತು. ಅಮೆರಿಕದ ಮರಿಯನ್ ಡೊನೊವಾನ್ ಎಂಬ ತಾಯಿ 1946ರಲ್ಲಿ ಬಚ್ಚಲಿನ ಪರದೆಯನ್ನೇ ಕತ್ತರಿಸಿ ಡಯಾಪರಿನ ಮೇಲುಹೊದಿಕೆ ಹೊಲಿದಳು. ತಯಾರಕರು ಮೂಗು ಮುರಿದರು. 1949ರಲ್ಲಿ ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರಲ್ಲಿ ಅದು ಮಾರಾಟಕ್ಕೆ ಬಂತು, 1951ರಲ್ಲಿ ಪೇಟೆಂಟೂ ದಕ್ಕಿತು. ಎಲ್ಲ ಬಿಟ್ಟು ಬಚ್ಚಲ ಪರದೆಗೆ ಕೈಹಾಕಿದಳಲ್ಲ, ಆಕೆಯ ಮೇಲೆ ನನಗೆ ವಿಶೇಷ ಗೌರವ.

ನಮ್ಮಲ್ಲಿ ಒದ್ದೆ ಬಟ್ಟೆಗೇನು ಬರವಿತ್ತೇ? ಹಳೇ ಪಂಚೆ, ಸವೆದ ನೂಲಿನ ಸೀರೆ ಹರಿದು ಮೂರು ಮೂಲೆಗೆ ಮಡಚಿ ಸೊಂಟಕ್ಕೆ ಗಂಟು ಹಾಕುತ್ತಿದ್ದರು. ರಾಜಾಜಿನಗರದ ನಮ್ಮ ವಠಾರದಲ್ಲಿ ಬಾಣಂತಿ ಇರುವ ಮನೆ ಯಾವುದೆಂದು ತಂತಿ ನೋಡಿದರೆ ತಿಳಿಯುತ್ತಿತ್ತು. ಮಳೆಗಾಲದಲ್ಲಿ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರಡುವರು. ಇಷ್ಟೆಲ್ಲ ಇದ್ದೂ ಹೊತ್ತೊಯ್ಯುವ ಚೀಲ ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಮಗು ಹೊರಗೆ ಹೋದರೆ ತಾನೆ! ಬಾಣಂತನ ಮುಗಿಯುವವರೆಗೆ ತಾಯಿ ಹೊಸಿಲು ದಾಟುತ್ತಿರಲಿಲ್ಲ, ದಾಟಿದರೂ ತವರಿಂದ ಗಂಡನ ಮನೆಗೆ. ಎರಡೂ ಕಡೆ ಬಾವಿಕಟ್ಟೆಯೋ ಬಟ್ಟೆ ಒಗೆಯುವ ಕಲ್ಲೋ ಕಾದಿರುತ್ತಿತ್ತು. ಕೈಗೂಸಿನೊಂದಿಗೆ ಮೆಟ್ರೊ ಹತ್ತುವ, ಮದುವೆ ಮನೆಯಲ್ಲಿ ಸಂಜೆಯವರೆಗೆ ಕೂರುವ, ಕೆಲಸಕ್ಕೆ ಹೋಗುತ್ತ ಕೂಸನ್ನು ಡೇಕೇರಿಗೆ ಬಿಡುವ ತಾಯಂದಿರು ಬಂದ ಮೇಲೆ ಈ ಚೀಲ ಬಂತು. ಜೊತೆಗೆ ಇದನ್ನು ಹಿಡಿಯುವ ಗಂಡಸರೂ. ನಮ್ಮಪ್ಪನ ಕೈಗೆ ಹಸಿಬಟ್ಟೆ ಕೊಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಡುವೆ ಕವರಿನ ಕಾಲ. ಮಗಳು ಕೈಗೂಸಾಗಿದ್ದಾಗ ಬಿಟಿಎಸ್ ಬಸ್ಸಿನಲ್ಲಿ ಕೆಂಗೇರಿಗೆ ಹೋದರೆ ನನ್ನ ಹೆಂಡತಿಯ ವೈರ್ ಬುಟ್ಟಿಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ಇರುತ್ತಿತ್ತು. ಬಾಯಿಗೆ ಬಿಗಿ ಗಂಟು. ಮನೆಗೆ ಬಂದು ಬಿಚ್ಚುವವರು ಉಸಿರು ಬಿಗಿಹಿಡಿದು ಬಿಚ್ಚಬೇಕು. 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೂ ನನ್ನ ಹೆಂಡತಿಯ ಹಾಸಿಗೆಯಡಿಯ ಕವರಿನ ಖಜಾನೆ ಕರಗಿಲ್ಲ. ಬಿಸಾಡುವ ಡಯಾಪರಿನದು ಇನ್ನೊಂದು ಕಥೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಕಸಕ್ಕೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಕಡ್ಡಾಯ ಮಾಡಿದಾಗ ಡಯಾಪರಿಗೆ ಸಿಕ್ಕಿದ್ದು ಕೆಂಪು ಬುಟ್ಟಿ. ಅದನ್ನು ಕಾಗದದಲ್ಲಿ ಸುತ್ತಿ ಕೊಡಬೇಕು. ಪಾಪ, ಎಷ್ಟು ಸುತ್ತಿದರೂ ಗಾಡಿಯವರ ಕೈಗೆ ಅದು ಗೊತ್ತಾಗುತ್ತದೆ.

ಮೊನ್ನೆ ಕೆಂಗೇರಿಯಲ್ಲಿ ಮದುವೆ. ನನ್ನ ಆನೆಮರಿ ಚೀಲದ ಚಂದ ಕಂಡ ಹುಡುಗಿಯ ದೊಡ್ಡಮ್ಮ ತಾಂಬೂಲದ ತೆಂಗಿನಕಾಯಿ ಹಿಡಿದು, “ಇದರಲ್ಲೇ ಹಾಕಿಬಿಡ್ತೀನಿ ಭಾವಾ” ಎಂದು ಜಿಪ್ಪಿಗೆ ಕೈಯಿಟ್ಟರು. ಹೇಗೋ ತಪ್ಪಿಸಿಕೊಂಡು ಮೆಟ್ರೊಗೆ ಬಂದರೆ ಸ್ಕ್ಯಾನರ್ ಬಳಿಯ ಹುಡುಗ, “ಇದರಲ್ಲೇನಿದೆ ಸಾರ್?”

“ಮಗು ಬಟ್ಟೆ.”

“ಸ್ವಲ್ಪ ಓಪನ್ ಮಾಡಿ.”

“ಮಾಡ್ತೀನಿ. ಬಳಸಿದ್ದು, ಆಮೇಲೆ ನನ್ನ ಬೈಬಾರದು.”

“ಹೋಗಿ ಸಾರ್, ಹೋಗಿ.”

ನಾಯಂಡಹಳ್ಳಿಯಲ್ಲಿ ಬಾಗಿಲು ತೆರೆದಾಗ ವೃಷಭಾವತಿಯ ಗಾಳಿ ಒಳನುಗ್ಗಿತು. ಪಕ್ಕದಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನ್ನ ತೊಡೆಯ ಮೇಲಿನ ಚೀಲ ಮಾತ್ರ ನಿರಪರಾಧಿಯಂತೆ ಕೂತಿತ್ತು.

ಹಾಗೆಂದು ಮುಚ್ಚಿಟ್ಟು ಮರೆಯುವಂತಿಲ್ಲ. ಉಚ್ಚೆಯ ಯೂರಿಯಾ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕು ಅಮೋನಿಯ ಆಗುತ್ತದೆ, ಜಿಪ್ ಎಳೆದರೆ ಕಣ್ಣಲ್ಲಿ ನೀರು. ದಿನಾ ನಾಲ್ಕು ಬಟ್ಟೆಗೆ ಮೆಷಿನ್ ಓಡಿಸಿದರೆ ನೀರು ದಂಡ, ಮೆಷಿನ್ ತುಂಬಲೆಂದು ಕಾದರೆ ಘಾಟು. 2008ರಲ್ಲಿ ಬ್ರಿಟನ್ನಿನ ಪರಿಸರ ಇಲಾಖೆಯ ವರದಿ ಇದನ್ನೇ ಹೇಳಿತ್ತು: ಬಟ್ಟೆ ಡಯಾಪರಿನಿಂದ ಪರಿಸರಕ್ಕೆ ಲಾಭವೋ ನಷ್ಟವೋ ಎನ್ನುವುದು ಒಗೆಯುವವರ ಕೈಲಿದೆ, ಮೆಷಿನ್ ತುಂಬಿಸಿ ಒಗೆದು ತಂತಿಯ ಮೇಲೆ ಒಣಗಿಸಿದರೆ ಲಾಭ. 2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಬತ್ತಿದಾಗ ನೀರಿನ ಟ್ಯಾಂಕರಿಗೆ ಕಾದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ದಿನ ಬಿಟ್ಟು ದಿನ ಒಗೆತ. ಚೀಲವನ್ನೇ ಒಳಮೈ ಹೊರಗೆ ಮಾಡಿ ಮೆಷಿನ್ನಿಗೆ ಸುರುವಿದರೆ ಕೈಗೆ ಏನೂ ತಾಗದು. ಇಸ್ತ್ರಿ ಮಾತ್ರ ಕೂಡದು, ಪೊರೆ ಹಾಳಾಗುತ್ತದೆ.

ಮಗು ಈಗ ಪಾಟಿಯ ಮೇಲೆ ಕೂರುತ್ತಿದೆ. ಚೀಲಗಳ ಪಾಲು ಪಂಚಾಯ್ತಿ ಶುರುವಾಗಿದೆ. ಅಳಿಯ ಜಿಮ್ಮಿನ ಬೆವರು ಬಟ್ಟೆಗೆ ಒಂದು ಬೇಕೆಂದಿದ್ದಾನೆ, ಮಗಳಿಗೆ ಒದ್ದೆ ಕೊಡೆ ಇಡಲು ಬೇಕಂತೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು: “ಯಾರು ಏನಾದ್ರೂ ಮಾಡ್ಕೊಳ್ಳಿ. ರೀ, ನೀವು ಮಾತ್ರ ಅದನ್ನ ತರಕಾರಿ ತರೋಕೆ ತಗೊಂಡು ಹೋಗ್ಬೇಡಿ.” ದೊಡ್ಡ ಖಾನೆಗೆ ಸೊಪ್ಪು, ಮುಂದಿನ ಸಣ್ಣ ಖಾನೆಗೆ ಟೊಮೆಟೊ ಎಂದು ನಾನು ಮನಸ್ಸಿನಲ್ಲೇ ಜೋಡಿಸುತ್ತಿದ್ದದ್ದು ಅವಳಿಗೆ ಹೇಗೆ ಗೊತ್ತಾಯಿತೋ!